ನಮ್ಮ ಸೀಮೆಯಲ್ಲಿ ನವಣೆಯ ಬಿತ್ತನೆ

ವಿದ್ಯಾರ್ಥಿಗಳೇ, ಆದೋನಿ, ಆಲೂರು, ಕೋಸಿಗಿ ಕಡೆಯ ಹೊಲಗಳಲ್ಲಿ ಇಂದು ಹತ್ತಿ, ಶೇಂಗಾಗಳದೇ ಕಾರುಬಾರು. ಆದರೂ ಮಸಾರಿ ಭೂಮಿಯ ಹಿರಿಯ ರೈತರು ನವಣೆಯನ್ನು ಮರೆತಿಲ್ಲ. ಪೇಟೆಯಲ್ಲಿ ನೀವು ‘ಕೊರ್ರ’ ಎಂದು ಕೇಳುವ ಧಾನ್ಯ ಇದೇ. ಅಲ್ಪ ಮಳೆಗೂ ಬದುಕುವ ಈ ಬೆಳೆ ಒಂದು ಹೊಲದಲ್ಲಿ ಚೆನ್ನಾಗಿ ಬಂದು, ಬದುವಿನಾಚೆಯ ಹೊಲದಲ್ಲಿ ಕೈಕೊಡುವುದುಂಟು. ಮಳೆ ಅದೇ, ಮಣ್ಣೂ ಅದೇ. ಹಾಗಾದರೆ ಕಾರಣವೇನು? ಎಷ್ಟೋ ವೇಳೆ ಅದು ಬಿತ್ತನೆಯಲ್ಲಿಯೇ ಇರುತ್ತದೆ.

ಮೊದಲು ಕಾಳನ್ನು ನೋಡೋಣ. ಸಾವಿರ ಕಾಳು ಸೇರಿದರೂ ತೂಕ ಸುಮಾರು 3 ಗ್ರಾಂ ಮಾತ್ರ. ಮೊಳಕೆಯು ಬೆಳಕು ಕಾಣುವವರೆಗೆ ಆ ಪುಟ್ಟ ಕಾಳಿನೊಳಗಿನ ಆಹಾರದಿಂದಲೇ ಬದುಕಬೇಕು. ಆದುದರಿಂದ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದರೆ ಬುತ್ತಿ ದಾರಿಯಲ್ಲೇ ಮುಗಿಯುತ್ತದೆ. ತೀರ ಮೇಲೆ ಬಿದ್ದರೆ ಮಣ್ಣಿನ ಹಸಿ ಆರಿಹೋಗುತ್ತದೆ, ಉಳಿದುದನ್ನು ಇರುವೆ ಹೊರುತ್ತದೆ. ಶೇಂಗಾ ಬಿತ್ತಲು ಹೊಂದಿಸಿದ ಟ್ರಾಕ್ಟರ್ ಕೂರಿಗೆಯಲ್ಲಿ ಆಳವನ್ನು ಬದಲಿಸದೆ ನವಣೆಯನ್ನೂ ಬಿತ್ತಿದರೆ ಮೊದಲನೆಯ ತೊಂದರೆ ಖಂಡಿತ.

ಹದವೂ ಅಷ್ಟೇ ಮುಖ್ಯ. ಮುಂಗಾರಿನ ಮೊದಲ ಹನಿಗೇ ಅವಸರಪಟ್ಟು ಬಿತ್ತಿ, ಮುಂದೆ ಹದಿನೈದು ದಿನ ಬಿಸಿಲು ಕಾಯ್ದರೆ ಮೊಳಕೆ ಸುಟ್ಟುಹೋಗುತ್ತದೆ. ಬಿತ್ತಿದ ಮರುದಿನವೇ ಜಡಿಮಳೆ ಹೊಡೆದು ಬಿಸಿಲು ಬಂದರೆ ಮಸಾರಿ ಮಣ್ಣಿನ ಮೇಲ್ಪದರ ಹೆಂಚಿನಂತಾಗುತ್ತದೆ. ಎಳೆ ಮೊಳಕೆಗೆ ಅದನ್ನು ಸೀಳುವ ಶಕ್ತಿ ಇಲ್ಲ. ಮತ್ತೆ ಬೀಜ, ಮತ್ತೆ ಬಾಡಿಗೆ, ಮತ್ತೆ ಸಾಲ. ಬೆಳೆ ಕೆಟ್ಟ ವರ್ಷ ಮನೆಮಂದಿಯೆಲ್ಲ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುವುದನ್ನು ನಾವು ಕಂಡಿದ್ದೇವೆ. ತರಗತಿಯ ಬೆಂಚುಗಳು ಬರಿದಾಗುವುದು ಆಗಲೇ.

ಬೀಜ ಹೆಚ್ಚು ಹಾಕಿದರೆ ಬೆಳೆ ಹೆಚ್ಚು ಬರುವುದೆಂಬ ನಂಬಿಕೆ ಹಲವರಿಗಿದೆ. ಲೆಕ್ಕ ಹಾಕಿ ನೋಡಿರಿ. ಸಾಲಿನಿಂದ ಸಾಲಿಗೆ 25 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 1 ಲಕ್ಷ 60 ಸಾವಿರ ಗಿಡ ಹಿಡಿಯುತ್ತವೆ. ಎರಡು ಕಿಲೋ ಬೀಜದಲ್ಲಿ ಇರುವುದು ಆರು ಲಕ್ಷಕ್ಕೂ ಮಿಕ್ಕಿದ ಕಾಳು! ಮೊಳೆಯದವು, ಇರುವೆಯ ಪಾಲು ಎಲ್ಲ ಕಳೆದರೂ ಸಾಕಷ್ಟು ಉಳಿಯುತ್ತದೆ. ಕೈಯಿಂದ ಎರಚುವವರು ಇದರ ಇಮ್ಮಡಿ ಚೆಲ್ಲುತ್ತಾರೆ. ಒಂದೆಡೆ ಗುಂಪು, ಇನ್ನೊಂದೆಡೆ ಬಯಲು. ಗುಂಪಿನಲ್ಲಿ ಗಿಡಗಿಡಕ್ಕೂ ನೀರಿನ ಜಗಳ.

ಕೂರಿಗೆಯ ದೊಡ್ಡ ಲಾಭ ಬಿತ್ತಿದ ದಿನ ಕಾಣುವುದಿಲ್ಲ. ಕಳೆ ಎದ್ದಾಗ ಕಾಣುತ್ತದೆ. ಸಾಲು ನೇರವಿದ್ದರೆ ಎಡೆಕುಂಟೆ ಹಾಯುತ್ತದೆ, ಕಳೆ ಸಾಯುತ್ತದೆ, ಸಡಿಲವಾದ ಮೇಲ್ಮಣ್ಣು ಕೆಳಗಿನ ಹಸಿಯನ್ನು ಕಾಯುತ್ತದೆ. ಎರಚಿದ ಹೊಲದಲ್ಲಿ ಕುಂಟೆಗೆ ದಾರಿಯೆಲ್ಲಿ? ಐದು ಸಾಲು ನವಣೆಗೆ ಒಂದು ಸಾಲು ತೊಗರಿ ಇಡುವುದಕ್ಕೂ ಕೂರಿಗೆಯೇ ಅನುಕೂಲ. ನವಣೆ ಬೇಗ ಕೊಯ್ಲಾಗುತ್ತದೆ, ತೊಗರಿ ಹಿಂದಿನ ಮಳೆಯನ್ನು ಕಾಯುತ್ತದೆ. (ಈ ಕೂರಿಗೆಯನ್ನೇ ತೆಲುಗಿನಲ್ಲಿ ‘ಗೊರ್ರು’ ಎನ್ನುತ್ತಾರೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ನಮ್ಮ ರೈತನ ಬಾಯಲ್ಲಿ ಎರಡು ಪದಗಳೂ ಆಡುತ್ತವೆ. ಎರಡನ್ನೂ ಬರೆದುಕೊಳ್ಳಿರಿ.)

ತಳಿಯೂ ಬೇಕು, ನಿಜ. ನಂದ್ಯಾಲದ ಸಂಶೋಧನಾ ಕೇಂದ್ರದ ‘ಸೂರ್ಯನಂದಿ’ ಎಪ್ಪತ್ತೈದು ದಿನಗಳ ಒಳಗೇ ಮಾಗುವ ತಳಿ. ಆದರೆ ಒಳ್ಳೆಯ ತಳಿಯನ್ನೂ ಒತ್ತಾಗಿ ಬಿಟ್ಟರೆ ಫಲವಿಲ್ಲ. ಹದಿನೈದು ದಿನದ ಪೈರಿನಲ್ಲಿ ಹೆಚ್ಚಿನ ಸಸಿಗಳನ್ನು ಕೀಳಬೇಕು. ಇದಕ್ಕೆ ಮಾತ್ರ ಯಾರಿಗೂ ಮನಸ್ಸು ಬಾರದು. “ಹುಟ್ಟಿದ್ದನ್ನು ಹೆಂಗ ಕೀಳಬೇಕ್ರೀ ಮೇಷ್ಟ್ರೇ?” ಎಂದು ಅಜ್ಜಿಯೊಬ್ಬರು ನಮ್ಮನ್ನು ಕೇಳಿದ್ದರು. ಶಾಲೆಯ ಹಿಂದಿನ ಸಣ್ಣ ಮಡಿಯಲ್ಲಿ ನಾವು ಅರ್ಧ ಭಾಗ ಕಿತ್ತು, ಅರ್ಧ ಹಾಗೆಯೇ ಬಿಟ್ಟೆವು. ಬಿಟ್ಟ ಭಾಗವೇ ಮೊದಲು ದಟ್ಟವಾಗಿ, ಹಸಿರಾಗಿ ಕಂಡಿತು. ಹುಡುಗರು ನಮ್ಮನ್ನು ನೋಡಿ ನಕ್ಕರು. ತೆನೆ ಬಂದಾಗ ಅಲ್ಲಿಯವು ಕಿರುಬೆರಳಿನಷ್ಟಿದ್ದವು. ಕಿತ್ತ ಭಾಗದ ತೆನೆಗಳು ಭಾರಕ್ಕೆ ಬಾಗಿದ್ದವು.