‘ಬರಲಿಲ್ಲ’ವೋ, ‘ಬಂದಿಲ್ಲ’ವೋ?

ನೈರೋಬಿಗೆ ಬಂದು ಕಸರಾನಿಯಲ್ಲಿ ಮನೆ ಮಾಡುವ ಕನ್ನಡದವರಿಗೆ ಇಂಗ್ಲಿಷ್ ಹೊಸ ಭಾಷೆಯೇನಲ್ಲ. ಆದರೂ ಮಾತಿಗೆ ನಿಂತಾಗ ಹೆಚ್ಚಿನವರು ಒಂದೇ ಜಾಗದಲ್ಲಿ ತಡವರಿಸುತ್ತಾರೆ. ಆಗಿಹೋದದ್ದನ್ನು ಹೇಳುವಾಗ ‘ಐ ಏಟ್’ ಅನ್ನಬೇಕೋ, ‘ಐ ಹ್ಯಾವ್ ಈಟನ್’ ಅನ್ನಬೇಕೋ? ಮೊದಲನೆಯದು ಪಾಸ್ಟ್ ಸಿಂಪಲ್, ಎರಡನೆಯದು ಪ್ರೆಸೆಂಟ್ ಪರ್ಫೆಕ್ಟ್. ಹೆಸರು ನೆನಪಿಲ್ಲದಿದ್ದರೆ ಚಿಂತೆಯಿಲ್ಲ. ಇವುಗಳ ನಡುವಿನ ವ್ಯತ್ಯಾಸ ನಿಮಗೆ ಆಗಲೇ ಗೊತ್ತಿದೆ. ಅದನ್ನು ತೋರಿಸಿಕೊಡುವುದಷ್ಟೇ ನನ್ನ ಕೆಲಸ.

ನನ್ನ ಬಳಿ ಪಾಠಕ್ಕೆ ಬರುವವರೊಬ್ಬರು ಒಂದು ಬೆಳಿಗ್ಗೆ ಥೀಕಾ ರಸ್ತೆಯ ಸ್ಟೇಜಿನಲ್ಲಿ ಮಟಾಟುಗೆ ಕಾಯುತ್ತಾ ನಿಂತಿದ್ದರು. ಕಚೇರಿಯಿಂದ ಫೋನ್ ಬಂತು. ‘ದಿ ಮಟಾಟು ಡಿಡ್ ನಾಟ್ ಕಮ್’ ಎಂದರು. ಗಾಡಿಯೇ ಬರಲಿಲ್ಲ, ಇವರು ಇವತ್ತು ಬರುವುದಿಲ್ಲ ಎಂದುಕೊಂಡ ಆ ಕಡೆಯವರು ಇವರ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟರು. ಹತ್ತು ನಿಮಿಷದಲ್ಲಿ ಗಾಡಿ ಬಂತು, ಇವರೂ ಕಚೇರಿ ತಲುಪಿದರು.

ಸಂಜೆ ನಾನು ಕೇಳಿದೆ: “ಫೋನ್ ಮಾಡಿದ್ದು ನಿಮ್ಮ ಅಮ್ಮ ಆಗಿದ್ದರೆ ಏನು ಹೇಳ್ತಿದ್ರಿ?”

“ಗಾಡಿ ಇನ್ನೂ ಬಂದಿಲ್ಲ ಅಂತಿದ್ದೆ, ಮೇಡಂ.”

“ಗಾಡಿ ಬರಲಿಲ್ಲ ಅಂತಿರಲಿಲ್ವಾ?”

“ಛೇ, ಅದು ಬೇರೆ ಅಲ್ವಾ!”

ಹೌದು, ಅದು ಬೇರೆ. ‘ಬರಲಿಲ್ಲ’ ಅಂದರೆ ಕಾದದ್ದು ಮುಗಿಯಿತು, ಆ ಹೊತ್ತು ಕಳೆಯಿತು. ಇಂಗ್ಲಿಷಿನಲ್ಲಿ ‘ಡಿಡ್ ನಾಟ್ ಕಮ್’. ‘ಬಂದಿಲ್ಲ’ ಅಂದರೆ ಕಾಯುವುದು ಈ ಗಳಿಗೆಯಲ್ಲೂ ನಡೆದಿದೆ. ಇಂಗ್ಲಿಷಿನಲ್ಲಿ ‘ಹ್ಯಾಸ್ ನಾಟ್ ಕಮ್’. ಪಾಸ್ಟ್ ಸಿಂಪಲ್‌ಗೆ ಬಾಗಿಲು ಮುಚ್ಚಿದೆ. ಪ್ರೆಸೆಂಟ್ ಪರ್ಫೆಕ್ಟ್‌ಗೆ ಬಾಗಿಲು ಈಗಿನ ಹೊತ್ತಿನತ್ತ ತೆರೆದಿದೆ.

ಹಾಗಾದರೆ ನಾವು ಎಡವುವುದು ಏಕೆ? ‘ಇಲ್ಲ’ ಸೇರಿದಾಗ ಕನ್ನಡ ಸ್ಪಷ್ಟವಾಗಿ ತೋರಿಸುವ ಈ ಭೇದವನ್ನು ‘ಹೌದು’ ಅನ್ನುವಾಗ ಅನೇಕ ಸಲ ಮುಚ್ಚಿಡುತ್ತದೆ. “ಊಟ ಆಯ್ತಾ?” ಎಂದು ಕೇಳುತ್ತೇವೆ. ‘ಆಯ್ತು’ ನೋಡಲು ಬರೀ ಭೂತಕಾಲ. ಆದರೆ ಊಟ ಮಾಡದವರ ಉತ್ತರ “ಇನ್ನೂ ಆಗಿಲ್ಲ”, “ಆಗಲಿಲ್ಲ” ಅಲ್ಲ. ಆದ್ದರಿಂದ ಆ ಪ್ರಶ್ನೆ ಇಂಗ್ಲಿಷಿನಲ್ಲಿ ‘ಹ್ಯಾವ್ ಯೂ ಈಟನ್?’ ಆಗುತ್ತದೆ.

ಇದೇ ನಮ್ಮ ಮೊದಲ ಒರೆಗಲ್ಲು. ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದ ‘ಇಲ್ಲ’ಕ್ಕೆ ತಿರುಗಿಸಿ. ‘ಮಾಡಲಿಲ್ಲ, ನೋಡಲಿಲ್ಲ’ ಬಂದರೆ ಪಾಸ್ಟ್ ಸಿಂಪಲ್. ‘ಮಾಡಿಲ್ಲ, ನೋಡಿಲ್ಲ’ ಬಂದರೆ ಪ್ರೆಸೆಂಟ್ ಪರ್ಫೆಕ್ಟ್.

ಇಲ್ಲಿನ ನೆರೆಹೊರೆಯವರ ಸ್ವಾಹಿಲಿಯಲ್ಲೂ ಇದೇ ಭೇದವಿದೆ. ‘ನಿಲಿಕುಲಾ’ ಅಂದರೆ ಉಂಡೆ, ‘ನಿಮೆಕುಲಾ’ ಅಂದರೆ ಉಂಡಿದ್ದೇನೆ. ‘ಇಲ್ಲ’ ಸೇರಿದರೆ ‘ಸಿಕುಲಾ’ ಅಂದರೆ ಉಣ್ಣಲಿಲ್ಲ, ‘ಸಿಜಾಲಾ’ ಅಂದರೆ ಇನ್ನೂ ಉಂಡಿಲ್ಲ. ತರಕಾರಿ ಅಂಗಡಿಯಲ್ಲಿ ಸ್ವಾಹಿಲಿ ಕಲಿಯುತ್ತಿರುವವರು ಇದನ್ನು ಕಿವಿಗೊಟ್ಟು ಕೇಳಿ. ಒಂದು ಭಾಷೆಯ ಪಾಠ ಇನ್ನೊಂದಕ್ಕೆ ಒದಗುತ್ತದೆ.

ಎರಡನೆಯ ಒರೆಗಲ್ಲು ಗಡಿಯಾರ. ಇಲ್ಲಿ ಮಾತ್ರ ಕನ್ನಡವನ್ನು ಪೂರ್ತಿ ನಂಬಬೇಡಿ. “ನಿನ್ನೆಯೇ ಕಳಿಸಿದ್ದೇನೆ” ಎಂಬುದು ಒಳ್ಳೆಯ ಕನ್ನಡ. ಅದನ್ನೇ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2007ರಲ್ಲಿ ಎಂದು ಕಳೆದ ಹೊತ್ತನ್ನು ಹೆಸರಿಸಿದ ಕೂಡಲೇ ಬಾಗಿಲು ಮುಚ್ಚುತ್ತದೆ. ಅಲ್ಲಿ ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎಂದೇ ಹೇಳಬೇಕು.

ನಮ್ಮ ಕಸರಾನಿಯ ಕ್ರೀಡಾಂಗಣದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. 1987ರ ಆಲ್ ಆಫ್ರಿಕಾ ಗೇಮ್ಸ್ ನಡೆದ ಈ ಅಂಗಳದಲ್ಲೇ 2021ರ ಆಗಸ್ಟ್‌ನಲ್ಲಿ 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ಕೂಟವೂ ನಡೆಯಿತು. ಮಿಶ್ರ 4x400 ಮೀಟರ್ ರಿಲೇಯಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ಪ್ರಿಯಾ ಮೋಹನ್ ಇದ್ದರು. ವರ್ಷ ಸೇರಿಸಿ ಹೇಳುವುದಾದರೆ ‘ಪ್ರಿಯಾ ರ್ಯಾನ್ ಇನ್ ಕಸರಾನಿ ಇನ್ 2021’. ಯಾವಾಗ ಎಂಬುದು ಮುಖ್ಯವಲ್ಲ, ಇಲ್ಲಿ ಓಡಿದ ಅನುಭವ ಅವರಿಗಿದೆ ಎನ್ನುವುದಾದರೆ ‘ಪ್ರಿಯಾ ಹ್ಯಾಸ್ ರನ್ ಇನ್ ಕಸರಾನಿ’. ನಿಮಗೆ ಆ ಅನುಭವ ಇಲ್ಲವೆಂದರೆ “ನಾನು ಅಲ್ಲಿ ಓಡಿಲ್ಲ” ಅನ್ನುತ್ತೀರಿ. ಇಲ್ಲೂ ‘ಹ್ಯಾವ್’ ಬೇಕೆಂದು ಕನ್ನಡವೇ ತಿಳಿಸಿತು.

ಇನ್ನೊಂದು ಜಾಗದಲ್ಲೂ ಎಚ್ಚರ ಬೇಕು. “ಐದು ವರ್ಷದಿಂದ ಇಲ್ಲಿದ್ದೇನೆ” ಎಂಬಲ್ಲಿ ‘ಇದ್ದೇನೆ’ ವರ್ತಮಾನ. ಹಾಗಾಗಿ ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬಾಯಿಗೆ ಬರುತ್ತದೆ. ಹಿಂದೆ ಶುರುವಾಗಿ ಈಗಲೂ ಮುಂದುವರಿದಿರುವುದಕ್ಕೆ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಎಂದಿನಿಂದ ಎಂಬುದಕ್ಕೆ ‘ಸಿನ್ಸ್’.

ಇವೆರಡೂ ರೂಪಗಳು ಒಂದೇ ಮಾತುಕತೆಯಲ್ಲಿ ಹೇಗೆ ಬರುತ್ತವೆ ನೋಡಿ. ತಿಂಗಳ ಬಾಡಿಗೆಯನ್ನು ಎಂ-ಪೆಸಾದಲ್ಲಿ ಕಳಿಸಿದ್ದೀರಿ. ಮನೆಯ ಮಾಲೀಕರು ಫೋನ್ ಮಾಡಿ ಬಾಡಿಗೆ ಏನಾಯಿತು ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಈಗಿನ ಸ್ಥಿತಿ. ‘ಐ ಹ್ಯಾವ್ ಸೆಂಟ್ ಇಟ್’ ಅನ್ನಿ. ಯಾವಾಗ ಎಂದು ಕೇಳುತ್ತಾರೆ. ಈಗ ಗಡಿಯಾರ ಒಳಗೆ ಬಂತು. ‘ಐ ಸೆಂಟ್ ಇಟ್ ಆನ್ ಮಂಡೇ’ ಅನ್ನಿ. ಸುದ್ದಿ ಮೊದಲು ‘ಹ್ಯಾವ್’ನಿಂದ ತೆರೆದುಕೊಳ್ಳುತ್ತದೆ, ವಿವರಗಳು ಪಾಸ್ಟ್ ಸಿಂಪಲ್‌ನಲ್ಲಿ ಮುಂದುವರಿಯುತ್ತವೆ.

ಒಂದು ವಾರ ಈ ಅಭ್ಯಾಸ ಮಾಡಿ. ಮನೆಯಲ್ಲಿ ಕನ್ನಡ ಮಾತಾಡುವಾಗ ನಿಮ್ಮ ಬಾಯಿಂದ ಬರುವ ಪ್ರತಿ ‘ಲಿಲ್ಲ’ವನ್ನೂ ‘ಬಂದಿಲ್ಲ’, ‘ಮಾಡಿಲ್ಲ’ದಂಥ ಪ್ರತಿ ರೂಪವನ್ನೂ ಗಮನಿಸಿ, ಇಂಗ್ಲಿಷಿಗೆ ತಿರುಗಿಸಿ ನೋಡಿ. ಪುಸ್ತಕ ಬೇಡ. ನಿಮ್ಮ ಅಮ್ಮ ಕಲಿಸಿದ ಮಾತಿನಲ್ಲೇ ಈ ಪಾಠದ ಬಹುಪಾಲು ಇದೆ.