ಮಾತ್ರೆಯೂ ಬೇಡ ಅನ್ನಿಸಿದಾಗ

ಪ್ರಶ್ನೆ: ವಯಸ್ಸು 21. ಹುಟ್ಟಿನಿಂದ ಎಚ್‌ಐವಿ ಇದೆ. ಎರಡು ತಿಂಗಳಿಂದ ನಿದ್ದೆಯಿಲ್ಲ, ಏನೂ ಬೇಡ ಅನ್ನಿಸುತ್ತದೆ. ಎಚ್‌ಐವಿಗೆ ನುಂಗುವ ಎಆರ್‌ಟಿ ಮಾತ್ರೆ ಆಗಾಗ ತಪ್ಪುತ್ತಿದೆ. ಮನೋವೈದ್ಯರ ಬಳಿ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆಂಬ ಭಯ.

ಉತ್ತರ: ಇದು ಖಿನ್ನತೆ ಇರಬಹುದು. ಮೊದಲು ನಿಮ್ಮ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಗೇ ಹೇಳಿ. ಮಾತ್ರೆ ತಪ್ಪಿದ್ದನ್ನು ಮುಚ್ಚಿಡಬೇಡಿ. ಬೈದರೆ ಬೈಯಲಿ; ಮಾತ್ರೆ ತಪ್ಪಿದ್ದರಿಂದ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪರೀಕ್ಷೆ ಬೇಕಾಗಬಹುದು. ಎಆರ್‌ಟಿಯಲ್ಲಿ ಕೊಡುವ ಡೊಲುಟೆಗ್ರಾವಿರ್ ಔಷಧಿ ಕೆಲವರ ನಿದ್ದೆ ಕೆಡಿಸುತ್ತದೆ. ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಎಆರ್‌ಟಿ ಕೇಂದ್ರದಿಂದಲೇ ಚೀಟಿ ಬರೆಸಿಕೊಂಡು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಎಆರ್‌ಟಿ ಪುಸ್ತಕ ತೋರಿಸಿದರೆ ಅದಕ್ಕೆ ಹೊಂದುವ ಔಷಧಿಯನ್ನೇ ಬರೆಯುತ್ತಾರೆ. ನಿಮ್ಮ ಎಚ್‌ಐವಿ ವಿಷಯ ಗುಟ್ಟಾಗಿಡುವುದು 2017ರ ಎಚ್‌ಐವಿ ಕಾಯ್ದೆಯಂತೆ ಆಸ್ಪತ್ರೆಯ ಹೊಣೆ. ಸಾಯುವ ಯೋಚನೆ ಬಂದರೆ ಮಾತ್ರ ಕಾಯಬೇಡಿ: ಅಂದೇ ಆಸ್ಪತ್ರೆಗೆ ಹೋಗಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.