ಸಿಂಹಗಳು ಹೆಚ್ಚಿವೆ, ಆತಂಕ ಏಕೆ ತಗ್ಗಿಲ್ಲ?

ಪ್ರಶ್ನೆ: ಗುಜರಾತಿನ ಗಿರ್ ಸಿಂಹಗಳ ಸಂಖ್ಯೆ ಪ್ರತಿ ಗಣತಿಯಲ್ಲೂ ಏರುತ್ತಿದೆ ಎಂದು ಓದುತ್ತೇವೆ. ಆದರೂ ಅವುಗಳಲ್ಲಿ ಕೆಲವನ್ನು ಬೇರೆ ರಾಜ್ಯಕ್ಕೆ ಕಳಿಸಬೇಕೆಂದು ತಜ್ಞರು ಹೇಳುವುದೇಕೆ? ಚೆನ್ನಾಗಿರುವ ಕಡೆಯೇ ಇರಲಿ ಎಂದು ಬಿಡಬಾರದೇ?

ಉತ್ತರ: ಸಂಖ್ಯೆ ಏರಿರುವುದು ನಿಜ. 1968ರಲ್ಲಿ 177 ಇದ್ದ ಸಿಂಹಗಳು 2015ರಲ್ಲಿ 523, 2020ರಲ್ಲಿ 674 ಆದವು. 2025ರ ಮೇ ತಿಂಗಳ ಗಣತಿಯಲ್ಲಿ 891. ಬೇಟೆಗೆ ಕಡಿವಾಣ ಹಾಕಿದ ಜುನಾಗಢದ ನವಾಬರು, ಆಮೇಲೆ ಕಾಡು ಕಾಯ್ದ ಅರಣ್ಯ ಇಲಾಖೆ, ತಮ್ಮ ಎಮ್ಮೆಗಳನ್ನು ಸಿಂಹ ಹಿಡಿದರೂ ಸಹಿಸಿಕೊಂಡ ಮಾಲಧಾರಿ ದನಗಾಹಿಗಳು, ಇವರೆಲ್ಲರಿಗೂ ಇದರ ಶ್ರೇಯ ಸಲ್ಲಬೇಕು.

ತೊಡಕಿರುವುದು ಎಷ್ಟಿವೆ ಎಂಬುದರಲ್ಲಿ ಅಲ್ಲ, ಎಲ್ಲಿವೆ ಎಂಬುದರಲ್ಲಿ. ಆ 891 ಸಿಂಹಗಳೂ ಸೌರಾಷ್ಟ್ರ ಒಂದರಲ್ಲೇ ಇವೆ. ಮೃಗಾಲಯಗಳನ್ನು ಬಿಟ್ಟರೆ ಏಷ್ಯಾ ಸಿಂಹಕ್ಕೆ ಜಗತ್ತಿನಲ್ಲಿ ಬೇರೆ ನೆಲೆಯಿಲ್ಲ. ನಮ್ಮ ನಾಗರಹೊಳೆಯ ಹುಲಿಗಳಿಗೆ ನಾಳೆ ಭಾರಿ ರೋಗ ತಗುಲಿತೆನ್ನಿ. ಕಾನ್ಹಾ, ಕಾಜಿರಂಗ, ಸುಂದರಬನದ ಹುಲಿಗಳು ಉಳಿದಿರುತ್ತವೆ. ಸಿಂಹಕ್ಕೆ ಆ ಭರವಸೆಯಿಲ್ಲ. ಸಾಲದ್ದಕ್ಕೆ, ಈಗಿರುವ ಸಿಂಹಗಳೆಲ್ಲ ನೂರು ಚಿಲ್ಲರೆ ವರ್ಷಗಳ ಹಿಂದೆ ಉಳಿದಿದ್ದ ಕೆಲವೇ ಸಿಂಹಗಳ ಸಂತಾನ. ವಂಶವಾಹಿಗಳಲ್ಲಿ ವೈವಿಧ್ಯ ಕಡಿಮೆಯಾದ್ದರಿಂದ ಒಂದನ್ನು ಕೆಡವಿದ ರೋಗ ಹಲವನ್ನು ಕೆಡವುವ ಸಂಭವ ಹೆಚ್ಚು.

ಇದು ಬರೀ ಊಹೆಯಲ್ಲ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಕೆನೈನ್ ಡಿಸ್ಟೆಂಪರ್ ಎಂಬ ವೈರಸ್ ರೋಗ ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಸಿಂಹಗಳಿಗೆ ಹರಡಿ, ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು. 2018ರಲ್ಲಿ ಗಿರ್‌ನ ಪೂರ್ವ ಭಾಗದ ಒಂದೇ ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಪತ್ತೆಯಾದದ್ದೂ ಅದೇ ವೈರಸ್. ಅಮೆರಿಕದಿಂದ ಲಸಿಕೆ ತರಿಸಬೇಕಾಯಿತು. ಅಂದು ರೋಗ ಅಷ್ಟಕ್ಕೇ ನಿಂತಿತು. ಆದರೆ ಇಂದು ಅರ್ಧಕ್ಕಿಂತ ಹೆಚ್ಚು ಸಿಂಹಗಳು ರಕ್ಷಿತಾರಣ್ಯದ ಹೊರಗೆ, ಊರುಗಳ ಮಗ್ಗುಲಲ್ಲೇ ಬಾಳುತ್ತಿವೆ. ಸತ್ತ ದನವನ್ನು ತಿನ್ನಲು ಬೀದಿನಾಯಿಯೂ ಬರುತ್ತದೆ, ಸಿಂಹವೂ ಬರುತ್ತದೆ. ಕಟ್ಟೆಯಿಲ್ಲದ ಬಾವಿಗಳು ಮತ್ತು ಪಿಪಾವಾವ್ ಬಂದರಿನ ರೈಲುದಾರಿಯಲ್ಲಿ ಸಾಯುವ ಸಿಂಹಗಳ ಲೆಕ್ಕ ಬೇರೆ.

ಎರಡನೇ ನೆಲೆಯ ಯೋಚನೆ ಹೊಸದೇನಲ್ಲ. 1957ರಲ್ಲಿ ಉತ್ತರಪ್ರದೇಶದ ಚಂದ್ರಪ್ರಭಾ ಅಭಯಾರಣ್ಯಕ್ಕೆ ಒಂದು ಗಂಡು, ಎರಡು ಹೆಣ್ಣು ಸಿಂಹಗಳನ್ನು ಬಿಟ್ಟರು. ಮೂರು ಹನ್ನೊಂದಾದವು. ಆದರೆ ಕೊನೆಗೆ ಒಂದೂ ಉಳಿಯಲಿಲ್ಲ. ಆಮೇಲೆ ಆರಿಸಿದ್ದು ಮಧ್ಯಪ್ರದೇಶದ ಕೂನೊ ಕಾಡನ್ನು. ಅಲ್ಲಿ ಸಿಂಹಗಳಿಗಾಗಿ 24 ಹಳ್ಳಿಗಳನ್ನು ತೆರವು ಮಾಡಿದರು. ಸಿಂಹ ತನ್ನ ಹೆಮ್ಮೆ, ಕೊಡಲಾರೆ ಎಂದು ಗುಜರಾತ್ ಪಟ್ಟು ಹಿಡಿಯಿತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟು, ಸ್ಥಳಾಂತರಿಸಿ ಎಂದಿತು. ಒಂದು ಸಿಂಹವೂ ಹೋಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅದೇ ಕೂನೊಗೆ ನಮೀಬಿಯಾದ ಚೀತಾಗಳು ಬಂದಿಳಿದವು.

ಪೋರಬಂದರಿನ ಬಳಿಯ ಬರಡಾ ಅಭಯಾರಣ್ಯವೇ ಎರಡನೇ ನೆಲೆ ಎಂಬುದು ಗುಜರಾತಿನ ಈಗಿನ ಉತ್ತರ. 2023ರಲ್ಲಿ ಸಿಂಹವೊಂದು ತಾನಾಗಿಯೇ ನಡೆದು ಅಲ್ಲಿಗೆ ಸೇರಿತು. 2025ರ ಗಣತಿಯಲ್ಲಿ ಮರಿಗಳೂ ಸೇರಿ 17 ಕಂಡವು. ಸಂತೋಷವೇ. ಆದರೆ ಸಿಂಹ ನಡೆದು ತಲುಪಬಹುದಾದ ಜಾಗವನ್ನು ಸಿಂಹದ ರೋಗವೂ ತಲುಪಬಲ್ಲದು. ಬರಡಾದಿಂದ ಸಿಂಹಕ್ಕೆ ಜಾಗ ಹೆಚ್ಚುತ್ತದೆ, ರೋಗದಿಂದ ದೂರ ಸಿಗುವುದಿಲ್ಲ.

ಇನ್ನು ಅವು ಅಲ್ಲೇ ಇರಬಾರದೇ ಎಂದಿರಿ. ಇರಲಿ, ಗಿರ್ ಖಾಲಿ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಎಂಟುನೂರು ದಾಟಿದ ಸಿಂಹಗಳಲ್ಲಿ ಒಂದೆರಡು ಗುಂಪು ಹೋದರೆ ಗಿರ್‌ಗೆ ನಷ್ಟವಿಲ್ಲ. ಸಿಂಹಗಳು ಕಡಿಮೆಯಿದ್ದಾಗ ಕಳಿಸುವ ಮಾತೆತ್ತಲು ಹಿಂಜರಿಯಬೇಕಿತ್ತು. ಸಾಕಷ್ಟಿರುವ ಈ ಕಾಲವೇ ಅದಕ್ಕೆ ತಕ್ಕ ಕಾಲ.